ಕುಳಿತು ಮಾಡುವ ಲಘು ವ್ಯಾಯಾಮ ಮತ್ತು ಕೂರುವ ಎತ್ತರ: ಬಳ್ಳಾರಿಯ ಬ್ರೂಸ್‌ಪೇಟೆಯ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

1. ವ್ಯಾಪ್ತಿ

1.1. ನಡೆದಾಡಲು, ಹೆಚ್ಚು ಹೊತ್ತು ನಿಲ್ಲಲು ಅಥವಾ ನೆಲಕ್ಕಿಳಿದು ಮೇಲೇಳಲು ಕಷ್ಟಪಡುವವರಿಗೆ ಕುಳಿತಲ್ಲೇ ಮಾಡುವ ಲಘು ವ್ಯಾಯಾಮವನ್ನು ಹೇಳಿಕೊಡುವ ರೂಢಿ ಈಚಿನ ದಶಕಗಳಲ್ಲಿ ಬೆಳೆದಿದೆ. ಅದರ ಪ್ರಯೋಜನಕ್ಕೆ ಆಧಾರವೆಂದು ಕೊಡುವ ಅಧ್ಯಯನಗಳು ಬೇರೆಬೇರೆ ದೇಶಗಳವು, ಬೇರೆಬೇರೆ ದೇಹಸ್ಥಿತಿಯವರ ಮೇಲೆ ನಡೆದವು. ಅವುಗಳಲ್ಲಿ ವ್ಯಾಯಾಮ ಮಾಡಿದವರು ಯಾವುದರ ಮೇಲೆ ಕುಳಿತಿದ್ದರು ಎಂಬ ಸಂಗತಿ ಸಾರಾಂಶದ ಹಂತದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಆ ಒಂದು ಸಂಗತಿಯನ್ನು ಎತ್ತಿಕೊಂಡು ಲಭ್ಯ ಆಧಾರಗಳನ್ನು ಮತ್ತೆ ಓದುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

1.2. ಇಲ್ಲಿ ‘ಕುಳಿತು ಮಾಡುವ ವ್ಯಾಯಾಮ’ ಎಂದರೆ ಅವಧಿಯ ಹೆಚ್ಚಿನ ಭಾಗ ದೇಹದ ಭಾರ ಪೃಷ್ಠದ ಮೇಲಿರುವ ವ್ಯಾಯಾಮ. ನಡುನಡುವೆ ಎದ್ದು ಕೂರುವ ಕ್ರಿಯೆ ಸೇರಿದ್ದರೂ ಅದು ಈ ವ್ಯಾಪ್ತಿಯೊಳಗೇ ಬರುತ್ತದೆ. ಕೂರುವ ತಾಣವನ್ನು ಐದಾಗಿ ವಿಂಗಡಿಸಿಕೊಳ್ಳಲಾಗಿದೆ: (ಅ) ನೆಲ, (ಆ) ತಗ್ಗು ಪೀಠ, ಅಂದರೆ ಮಣೆ, ಗಿಡ್ಡ ಸ್ಟೂಲು, ಮನೆ ಮುಂದಿನ ತಗ್ಗಾದ ಕಟ್ಟೆ, (ಇ) ಸಾಮಾನ್ಯ ಕುರ್ಚಿ, (ಈ) ಮಂಚ ಅಥವಾ ಎತ್ತರಿಸಿದ ಪೀಠ, (ಉ) ಗಾಲಿಕುರ್ಚಿ. ಈ ವಿಂಗಡಣೆ ಅಂತಾರಾಷ್ಟ್ರೀಯ ಮಾನದಂಡವಲ್ಲ, ಈ ಚರ್ಚೆಯ ಅನುಕೂಲಕ್ಕೆ ಮಾಡಿಕೊಂಡದ್ದು.

1.3. ಬ್ರೂಸ್‌ಪೇಟೆಯನ್ನು ಎದುರಿಗಿಟ್ಟುಕೊಳ್ಳಲು ಕಾರಣವಿದೆ. ಬಳ್ಳಾರಿ ನಗರದ ಈ ಹಳೆಯ ಪೇಟೆಯಂಥ ವಸತಿಯಲ್ಲಿ ಮೇಲಿನ ಐದೂ ಬಗೆಯ ತಾಣಗಳು ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಬಳಕೆಯಲ್ಲಿರುವುದು ಸಾಧ್ಯ. ಊಟಕ್ಕೆ ನೆಲ, ಸಂಜೆಗೆ ಕಟ್ಟೆ, ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ, ಮಲಗಲು ಮಂಚ. ಒಂದೇ ವ್ಯಕ್ತಿ ದಿನವೊಂದರಲ್ಲಿ ನಾಲ್ಕು ಎತ್ತರಗಳಿಂದ ಮೇಲೇಳುತ್ತಿದ್ದರೆ, ‘ಕುಳಿತು ಮಾಡುವ ವ್ಯಾಯಾಮ’ ಎಂಬ ಒಂದೇ ಹೆಸರಿನಡಿ ಬರೆದುಕೊಟ್ಟ ಸಲಹೆ ಅವರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

2. ಸಂಖ್ಯೆಗಳು: ಗಡಿಯ ಮತ್ತು ವರ್ಗದ ತೊಡಕು

2.1. ಚಲನೆಯ ಮಿತಿ ಉಳ್ಳವರ ಎಣಿಕೆಗೆ ಮೊದಲ ಆಕರ 2011ರ ಜನಗಣತಿ. ಅದರಂತೆ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13,24,205. ರಾಜ್ಯದ ಅಂದಿನ ಜನಸಂಖ್ಯೆ 6,10,95,297 ಆಗಿದ್ದರಿಂದ ಈ ಪ್ರಮಾಣ ಸುಮಾರು ಶೇ. 2.17. ಇವರಲ್ಲಿ ‘ಚಲನೆ’ ವರ್ಗದವರು 2,71,982, ಅಂದರೆ ಸುಮಾರು ಶೇ. 20.5. ‘ಬಹುವಿಧ’ ವರ್ಗದ 1,00,013 ಮತ್ತು ‘ಇತರೆ’ ವರ್ಗದ 2,46,721 ಜನರಲ್ಲೂ ಚಲನೆಯ ತೊಂದರೆಯವರು ಇರಬಹುದಾದ್ದರಿಂದ ಮೊದಲ ಸಂಖ್ಯೆಯನ್ನು ಕನಿಷ್ಠ ಮಿತಿಯೆಂದೇ ಓದುವುದು ಉಚಿತ.

2.2. ಕಾಲದಿಂದ ಕಾಲಕ್ಕೆ ವರ್ಗಗಳು ಬದಲಾಗಿವೆ. 2001ರ ಜನಗಣತಿಯಲ್ಲಿ ಐದು ವರ್ಗಗಳಿದ್ದವು, 2011ರಲ್ಲಿ ಎಂಟು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಗಳನ್ನು ಹೆಸರಿಸಿತ್ತು. 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಹೆಸರಿಸುತ್ತದೆ. ಹೀಗಾಗಿ ಎರಡು ಎಣಿಕೆಗಳ ನಡುವಿನ ಏರಿಕೆಯನ್ನು ಪೂರ್ತಿಯಾಗಿ ವಾಸ್ತವದ ಏರಿಕೆಯೆಂದು ತಿಳಿಯುವಂತಿಲ್ಲ.

2.3. ಇದಕ್ಕಿಂತ ದೊಡ್ಡ ತೊಡಕು ಬೇರೆಯದು. ಮಂಡಿಸವೆತದಿಂದ ನೆಲಕ್ಕೆ ಕೂರಲಾಗದ 70 ವರ್ಷದ ಹೆಣ್ಣುಮಗಳು ತನ್ನನ್ನು ಅಂಗವಿಕಲಳೆಂದು ಗಣತಿದಾರರಿಗೆ ಹೇಳಿಕೊಳ್ಳುವ ಸಂಭವ ಕಡಿಮೆ. ಅದನ್ನು ಮನೆಯವರೂ ‘ವಯಸ್ಸಾಯಿತು’ ಎಂಬ ಮಾತಿನಲ್ಲಿ ಮುಗಿಸುತ್ತಾರೆ. ಕುಳಿತು ಮಾಡುವ ವ್ಯಾಯಾಮದ ಅಗತ್ಯವಿರುವವರಲ್ಲಿ ಇಂಥವರ ಪಾಲು ಗಣನೀಯವಾಗಿರಬಹುದು, ಆದರೆ ಅಂಗವೈಕಲ್ಯದ ಕೋಷ್ಟಕಗಳಲ್ಲಿ ಅವರು ಕಾಣಿಸುವುದಿಲ್ಲ.

2.4. ಸ್ಥಳೀಯ ಗಡಿಯನ್ನೂ ಗಮನಿಸಬೇಕು. 2011ರ ಬಳ್ಳಾರಿ ಜಿಲ್ಲೆ (ಜನಸಂಖ್ಯೆ 24,52,595) ಏಳು ತಾಲ್ಲೂಕುಗಳದ್ದು: ಬಳ್ಳಾರಿ, ಸಿರುಗುಪ್ಪ, ಸಂಡೂರು, ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ. ಕುರುಗೋಡು ತಾಲ್ಲೂಕು ಆ ಗಣತಿಯ ನಂತರ ರಚನೆಯಾಯಿತು. 2021ರ ಫೆಬ್ರುವರಿಯಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟಿತು. ಆದ್ದರಿಂದ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡನ್ನು ಒಂದು ಘಟಕವಾಗಿಟ್ಟು ಮಾತಾಡುವಾಗ 2011ರ ಜಿಲ್ಲಾ ಅಂಕಿಗಳನ್ನು ನೇರವಾಗಿ ಬಳಸಿದರೆ ಹೊಸಪೇಟೆಯಿಂದ ಹಡಗಲಿಯವರೆಗಿನ ಪಶ್ಚಿಮ ಭಾಗವೂ ಅದರಲ್ಲಿ ಸೇರಿಬಿಡುತ್ತದೆ.

3. ಕಾಲಾನುಕ್ರಮ: ಕುರ್ಚಿ ಯಾವಾಗ ಬಂತು

3.1. ಆಸನಾಭ್ಯಾಸಕ್ಕೆ ಹೊರಗಿನ ಆಧಾರ ಬಳಸುವುದು ಮೈಸೂರು ಪರಂಪರೆಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಎನ್. ಇ. ಶೋಮನ್ 1996ರಲ್ಲಿ ಆ ಭಾಗವನ್ನು ಪ್ರಕಟಿಸಿದರು. ಹಗ್ಗದ ನೆರವಿನಿಂದ ಮಾಡುವ ಆಸನಗಳೂ ಅವುಗಳಲ್ಲಿವೆ. ಆದರೆ ಅವು ಕಸರತ್ತಿಗೆ ಹತ್ತಿರವಾದವು. ಅಶಕ್ತರ ನೆರವಿನ ಪರಂಪರೆಗೆ ಅವನ್ನು ಮೂಲವೆಂದು ಹೇಳಲು ಸಾಕಷ್ಟು ಆಧಾರವಿಲ್ಲ.

3.2. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲೇ ಹೊರಬಂತು. ಅದರ ಪ್ರಕಟಣೆಯ ಇಸವಿಯನ್ನು ಕೆಲವರು 1934 ಎಂದೂ ಕೆಲವರು 1935 ಎಂದೂ ಕೊಡುತ್ತಾರೆ. ಅವರ ‘ಯೋಗಾಸನಗಳು’ 1941ರದ್ದು. ಅಲ್ಲಿ ಆಸನಗಳನ್ನು ಸುಲಭದಿಂದ ಕಠಿಣಕ್ಕೆ ಮೂರು ವರ್ಗಗಳಾಗಿ ಜೋಡಿಸಲಾಗಿದೆ. ಅಭ್ಯಾಸಿಯ ಶಕ್ತಿಗೆ ತಕ್ಕ ಶ್ರೇಣಿ ಎಂಬ ತತ್ತ್ವ ಇಲ್ಲಿದೆ, ಆದರೆ ಆ ಶ್ರೇಣಿ ನೆಲದಿಂದಲೇ ಆರಂಭವಾಗುತ್ತದೆ.

3.3. ಕುರ್ಚಿಯನ್ನು ಯೋಗಾಭ್ಯಾಸದ ನಿಯಮಿತ ಸಾಧನವಾಗಿಸಿದ ಶ್ರೇಯಸ್ಸು ಬಹುಮಟ್ಟಿಗೆ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ (1918–2014) ಅವರಿಗೆ ಸಲ್ಲುತ್ತದೆ. ಅವರು 1934ರಲ್ಲಿ ಮೈಸೂರಿಗೆ ಬಂದು ಕೃಷ್ಣಮಾಚಾರ್ಯರಲ್ಲಿ ಕಲಿತರು, 1937ರಲ್ಲಿ ಪುಣೆಗೆ ಹೋದರು, 1975ರಲ್ಲಿ ಅಲ್ಲಿ ತಮ್ಮ ಸಂಸ್ಥೆಯನ್ನು ತೆರೆದರು. ಬೆನ್ನಿನ ತಗಡು ತೆಗೆದ ಮಡಚುಕುರ್ಚಿ ಆ ಪದ್ಧತಿಯ ಗುರುತಾಯಿತು. ಕುರ್ಚಿಯ ಮೇಲೆ ಕುಳಿತು ಮಾಡುವ ಭರದ್ವಾಜಾಸನದಂಥ ರೂಪಗಳು ಅವರ 2001ರ ಸಚಿತ್ರ ಗ್ರಂಥದಲ್ಲಿ ಮುದ್ರಿತವಾಗಿವೆ.

3.4. ‘ಕುರ್ಚಿ ಯೋಗ’ 1982ರಲ್ಲಿ ಅಮೆರಿಕದ ಲಕ್ಷ್ಮಿ ವೋಲ್ಕರ್ ಅವರಿಂದ ಆರಂಭವಾಯಿತು ಎಂಬ ಮಾತು ಹಲವೆಡೆ ಉಲ್ಲೇಖವಾಗುತ್ತದೆ. ಆ ಇಸವಿ ಒಂದು ನಿರ್ದಿಷ್ಟ ಹೆಸರಿನ ಕಾರ್ಯಕ್ರಮಕ್ಕೆ ಸಂಬಂಧಿಸಿದ್ದು. ಯೋಗದಲ್ಲಿ ಕುರ್ಚಿ ಬಳಸಿದ ಮೊದಲ ಪ್ರಸಂಗಕ್ಕೆ ಅದನ್ನು ಅನ್ವಯಿಸಲಾಗದು. ಇನ್ನು ವೈದ್ಯಕೀಯ ಪರಂಪರೆಯಲ್ಲಿ ಸ್ವಿಟ್ಜರ್ಲೆಂಡಿನ ಹೈನ್‌ರಿಖ್ ಫ್ರೆಂಕೆಲ್ 19ನೇ ಶತಮಾನದ ಕೊನೆಯಲ್ಲೇ ಅಂಗಚಲನೆಯ ಹೊಂದಾಣಿಕೆ ತಪ್ಪಿದ ರೋಗಿಗಳಿಗೆ ಮಲಗಿ, ಕುಳಿತು, ನಿಂತು ಮಾಡುವ ಶ್ರೇಣೀಕೃತ ಅಭ್ಯಾಸಗಳನ್ನು ರೂಪಿಸಿದ್ದರು. ಅವು ಅವರ ಹೆಸರಿನಲ್ಲೇ ಇಂದಿಗೂ ಫಿಸಿಯೋಥೆರಪಿ ಪಾಠದಲ್ಲಿವೆ. ಹೀಗೆ ಕನಿಷ್ಠ ಎರಡು ಸ್ವತಂತ್ರ ಧಾರೆಗಳಿರುವಾಗ ಒಂದೇ ಮೂಲವನ್ನು ಹೇಳುವುದು ಸರಿಯೆನಿಸದು.

4. ಅಳತೆಯ ಕುರ್ಚಿ: 43 ಮತ್ತು 46

4.1. ಫಲಿತಾಂಶ ಅಳೆಯಲು ಹೆಚ್ಚಾಗಿ ಬಳಸುವ ಎರಡು ಪರೀಕ್ಷೆಗಳಲ್ಲಿ ಕುರ್ಚಿಯ ಎತ್ತರವೇ ಬೇರೆ. ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ 1991ರಲ್ಲಿ ಪ್ರಕಟಿಸಿದ ‘ಎದ್ದು ನಡೆ’ ಪರೀಕ್ಷೆಯಲ್ಲಿ ಕುರ್ಚಿಗೆ ತೋಳುಗಳಿವೆ, ಪೀಠದ ಎತ್ತರ ಸುಮಾರು 46 ಸೆಂ.ಮೀ. ವ್ಯಕ್ತಿ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿದ ಸಮಯವೇ ಅಂಕ. ಜೋನ್ಸ್, ರಿಕ್ಲಿ ಮತ್ತು ಬೀಮ್ 1999ರಲ್ಲಿ ಪ್ರಕಟಿಸಿದ 30 ಸೆಕೆಂಡ್ ಪರೀಕ್ಷೆಯಲ್ಲಿ ಕುರ್ಚಿಗೆ ತೋಳುಗಳಿಲ್ಲ, ಎತ್ತರ 17 ಇಂಚು, ಅಂದರೆ 43.18 ಸೆಂ.ಮೀ. ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದರು ಎಂಬುದು ಅಂಕ.

4.2. ಎರಡನೆಯ ಪರೀಕ್ಷೆಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬೀಳುವಿಕೆ ತಡೆಯುವ ತನ್ನ ಕಾರ್ಯಕ್ರಮದಲ್ಲಿ ಅಳವಡಿಸಿಕೊಂಡಿದೆ. ಅದರಂತೆ 70–74 ವಯಸ್ಸಿನ ಗಂಡಸರಲ್ಲಿ 12ಕ್ಕಿಂತ, ಹೆಂಗಸರಲ್ಲಿ 10ಕ್ಕಿಂತ ಕಡಿಮೆ ಸಲ ಎದ್ದರೆ ಸರಾಸರಿಗಿಂತ ಕಡಿಮೆ. 80–84ರಲ್ಲಿ ಈ ಗಡಿಗಳು ಕ್ರಮವಾಗಿ 10 ಮತ್ತು 9. ಏಳಲು ಕೈ ಊರಲೇಬೇಕಾಗಿ ಬಂದರೆ ಅಂಕ ಸೊನ್ನೆ.

4.3. ಈ ಗಡಿಗಳನ್ನು ಬಳ್ಳಾರಿಯಲ್ಲಿ ಬಳಸುವಾಗ ಮೂರು ಷರತ್ತುಗಳನ್ನು ನೆನಪಿಡಬೇಕು. ಒಂದು, ಇವುಗಳ ಹಿಂದಿರುವ ಮಾಪನಗಳು ಅಮೆರಿಕದ ಹಿರಿಯರವು. ಎರಡು, ಗಿಡ್ಡ ಆಳಿಗೂ ಉದ್ದ ಆಳಿಗೂ ಒಂದೇ 43 ಸೆಂ.ಮೀ. ಎತ್ತರವೆಂದರೆ ಕೆಲಸ ಒಂದೇ ಆಗುವುದಿಲ್ಲ. ಪಾದಗಳು ನೆಲ ಮುಟ್ಟದ ವ್ಯಕ್ತಿಗೆ ಏಳುವ ಕ್ರಿಯೆಯೇ ಬದಲಾಗುತ್ತದೆ. ಮೂರು, ಜೀವಮಾನವಿಡೀ ನೆಲದಿಂದ ಮಂಡಿಗೆ ಕೈ ಊರಿ ಎದ್ದವರಿಗೆ ಕೈ ಊರುವುದು ರೂಢಿಯ ಕ್ರಮ. ಅದನ್ನೆಲ್ಲ ಅಶಕ್ತಿಯೆಂದು ಎಣಿಸಿ ಸೊನ್ನೆ ಹಾಕಿದರೆ ಅಂಕ ತಪ್ಪು ಅರ್ಥ ಕೊಡಬಹುದು.

4.4. ನೆಲವನ್ನೇ ಅಳತೆಯ ತಾಣವಾಗಿಸಿದ ಪರೀಕ್ಷೆಯೂ ಇದೆ. ಬ್ರೆಜಿಲ್‌ನ ಬ್ರಿಟೊ, ಅರೌಜೊ ಮತ್ತಿತರರು 51–80 ವಯಸ್ಸಿನ 2,002 ಜನರನ್ನು ನೆಲಕ್ಕೆ ಕೂರಿಸಿ ಏಳಿಸಿ, ಕೂರುವುದಕ್ಕೆ 5, ಏಳುವುದಕ್ಕೆ 5 ಅಂಕದಂತೆ ಅಳೆದರು. ಕೈ ಅಥವಾ ಮಂಡಿ ಊರಿದ ಪ್ರತಿ ಸಲಕ್ಕೆ 1, ಓಲಾಡಿದರೆ 0.5 ಕಳೆಯುವ ಕ್ರಮ. ಮಧ್ಯಮಾಂಕ 6.3 ವರ್ಷಗಳ ಅನುಸರಣೆಯಲ್ಲಿ 159 ಸಾವುಗಳಾದವು. ಕಡಿಮೆ ಅಂಕದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಈ ಲೇಖನವನ್ನು ಕೆಲವರು 2012 ಎಂದೂ ಕೆಲವರು 2014 ಎಂದೂ ಉಲ್ಲೇಖಿಸುತ್ತಾರೆ. ಅಂತರ್ಜಾಲದಲ್ಲಿ ಪ್ರಕಟವಾದದ್ದು 2012ರ ಡಿಸೆಂಬರ್, ಸಂಚಿಕೆಯಲ್ಲಿ ಮುದ್ರಣವಾದದ್ದು 2014. ಎರಡೂ ಒಂದೇ ಅಧ್ಯಯನ. ಇದು ಸಹಸಂಬಂಧವನ್ನು ತೋರಿಸುತ್ತದೆ. ನೆಲದಿಂದ ಏಳುವ ಅಭ್ಯಾಸ ಮಾಡಿದರೆ ಆಯುಸ್ಸು ಹೆಚ್ಚುತ್ತದೆ ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ.

5. ಎತ್ತರ ಏಕೆ ಮುಖ್ಯ

5.1. ಯಾನ್ಸೆನ್, ಬುಸ್‌ಮನ್ ಮತ್ತು ಸ್ಟಾಮ್ 2002ರಲ್ಲಿ ಪ್ರಕಟಿಸಿದ ಸಮೀಕ್ಷೆ ಕುಳಿತಲ್ಲಿಂದ ಏಳುವ ಕ್ರಿಯೆಯ ಮೇಲೆ ಪ್ರಭಾವ ಬೀರುವ ಅಂಶಗಳನ್ನು ಪರಿಶೀಲಿಸಿತು. ಪೀಠದ ಎತ್ತರ, ಕುರ್ಚಿಯ ತೋಳು ಮತ್ತು ಪಾದದ ಸ್ಥಾನ, ಈ ಮೂರೂ ಪ್ರಧಾನ ಎಂಬುದು ಅದರ ನಿಲುವು. ಪೀಠ ಎತ್ತರವಾದಾಗ ಮಂಡಿಯ ಮೇಲಿನ ತಿರುಗುಬಲ ಶೇ. 60ರವರೆಗೆ, ಸೊಂಟದ ಕೀಲಿನ ಮೇಲಿನದು ಶೇ. 50ರವರೆಗೆ ಇಳಿಯಬಹುದು. ಪಾದಗಳನ್ನು ಮುಂದೆ ಚಾಚಿಟ್ಟಾಗ ಸೊಂಟದ ಸರಾಸರಿ ಗರಿಷ್ಠ ತಿರುಗುಬಲ 148.8 ನ್ಯೂಟನ್-ಮೀಟರ್ ಇದ್ದದ್ದು, ಹಿಂದಕ್ಕೆ ಎಳೆದಿಟ್ಟಾಗ 32.7ಕ್ಕೆ ಇಳಿದುದನ್ನೂ ಅದು ದಾಖಲಿಸುತ್ತದೆ.

5.2. ಈ ಅಂಕಿಗಳ ಅರ್ಥ ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕುಳಿತವರನ್ನು ಗಮನಿಸಿದರೆ ಕಾಣುತ್ತದೆ. ಬೆನ್ನು ಒರಗಿಸಿ, ಕಾಲು ಚಾಚಿ ಕುಳಿತವರು ಹಾಗೆಯೇ ಏಳಲು ಹೋದರೆ ತಲೆ ಹಿಂದೆಯೇ ಉಳಿಯುತ್ತದೆ, ತೋಳಿಗೆ ಕೈಯೂರಿ ದೇಹವನ್ನು ಎಳೆಯಬೇಕಾಗುತ್ತದೆ, ಕುರ್ಚಿಯ ಹಿಂಗಾಲುಗಳು ಬಾಗುತ್ತವೆ. ನುಣುಪಾದ ಕಡಪ ಕಲ್ಲಿನ ಅಥವಾ ಟೈಲ್ಸ್ ನೆಲವಾದರೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅದೇ ವ್ಯಕ್ತಿ ಪೀಠದ ಅಂಚಿಗೆ ಸರಿದು, ಹಿಮ್ಮಡಿಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ತಂದು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿದರೆ ಪೃಷ್ಠ ತಾನಾಗಿ ಹಗುರಾಗುತ್ತದೆ. ಆಮೇಲೆ ತೊಡೆಯ ಸ್ನಾಯು ಮೇಲಕ್ಕೆ ತಳ್ಳಿದರೆ ಸಾಕು. ಸ್ನಾಯುಬಲ ಎರಡೂ ಸಲ ಅಷ್ಟೇ. ಬದಲಾದದ್ದು ಪಾದದ ಮತ್ತು ಮುಂಡದ ಸ್ಥಾನ.

5.3. ಇದರಿಂದ ಎರಡು ಮಾತು ಹೊರಡುತ್ತವೆ. ಮೊದಲನೆಯದು, ಎತ್ತರ ಬರೆದಿಡದ ‘ಹತ್ತು ಸಲ ಎದ್ದು ಕುಳಿತರು’ ಎಂಬ ದಾಖಲೆಗೆ ಹೋಲಿಕೆಯ ಮೌಲ್ಯ ಕಡಿಮೆ. ಎರಡನೆಯದು, ಎತ್ತರವೇ ವ್ಯಾಯಾಮದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಸಾಧನವಾಗಬಲ್ಲದು. ಗಟ್ಟಿಯಾಗಿ ಮಡಚಿದ ಕಂಬಳಿ ಹಾಕಿ ಪೀಠ ಎತ್ತರಿಸಿ ಆರಂಭಿಸಿ, ಬಲ ಕೂಡಿದಂತೆ ಒಂದೊಂದೇ ಮಡಿಕೆ ತೆಗೆದರೆ, ಯಾವ ಯಂತ್ರವೂ ಇಲ್ಲದೆ ಶ್ರೇಣೀಕೃತ ಬಲಾಭ್ಯಾಸ ಸಿದ್ಧವಾಗುತ್ತದೆ.

6. ಪ್ರಯೋಗಗಳ ಸಾಕ್ಷ್ಯ

6.1. ಡಂಡಿಯ ಮೆಕ್‌ಮರ್ಡೊ ಮತ್ತು ರೆನ್ನಿ 1993ರಲ್ಲಿ ವೃದ್ಧಾಶ್ರಮವಾಸಿಗಳ ಮೇಲಿನ ನಿಯಂತ್ರಿತ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಕುಳಿತು ಮಾಡುವ ವ್ಯಾಯಾಮ, ಇನ್ನೊಂದಕ್ಕೆ ಹಳೆಯ ನೆನಪುಗಳನ್ನು ಹಂಚಿಕೊಳ್ಳುವ ಕೂಟ. ಜೊತೆಗೂಡುವಿಕೆಯ ಲಾಭ ಎರಡೂ ಗುಂಪಿಗೆ ಸಮನಾಗಿ ಸಿಗುವ ಈ ವಿನ್ಯಾಸ ಇಂದಿಗೂ ಗಮನಾರ್ಹ. ಹಿಡಿತದ ಬಲ ಮತ್ತು ಕುರ್ಚಿಯಿಂದ ಏಳುವ ಶಕ್ತಿಯಲ್ಲಿ ವ್ಯಾಯಾಮದ ಗುಂಪು ಮುಂದಿತ್ತು.

6.2. ಬಾಸ್ಟನ್ನಿನ ಮರಿಯಾ ಫಿಯಾಟರೋನೆ ಮತ್ತಿತರರ ಎರಡು ಅಧ್ಯಯನಗಳು ಲಘು ವ್ಯಾಯಾಮದ ಪರವಾಗಿ ಆಗಾಗ ಉಲ್ಲೇಖಗೊಳ್ಳುತ್ತವೆ. 1990ರದ್ದರಲ್ಲಿ 86–96 ವಯಸ್ಸಿನ 10 ಜನ ಎಂಟು ವಾರ ಕಾಲಿನ ಬಲಾಭ್ಯಾಸ ಮಾಡಿದರು. ಬಲ ಸರಾಸರಿ ಶೇ. 174 ಹೆಚ್ಚಿತು. 1994ರದ್ದರಲ್ಲಿ ಸರಾಸರಿ 87.1 ವಯಸ್ಸಿನ 100 ಜನರಿದ್ದರು. ಹತ್ತು ವಾರಗಳಲ್ಲಿ ಅಭ್ಯಾಸ ಮಾಡಿದವರ ಬಲ ಶೇ. 113, ಮಾಡದವರದ್ದು ಶೇ. 3 ಹೆಚ್ಚಿತು. ಆದರೆ ಅಲ್ಲಿ ಕೊಟ್ಟ ಭಾರ ಲಘುವಾಗಿರಲಿಲ್ಲ. ವ್ಯಕ್ತಿ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ. 80ರಷ್ಟನ್ನು ಗುರಿಯಾಗಿಟ್ಟುಕೊಂಡ, ಮೇಲ್ವಿಚಾರಣೆಯಲ್ಲಿ ನಡೆದ ಅಭ್ಯಾಸ ಅದು. ಅತಿ ವೃದ್ಧಾಪ್ಯದಲ್ಲೂ ಸ್ನಾಯು ಸ್ಪಂದಿಸುತ್ತದೆ ಎಂಬುದಕ್ಕೆ ಇವು ಬಲವಾದ ಆಧಾರ. ಕೈ ಬೀಸುವ, ಪಾದ ಆಡಿಸುವ ಮೃದು ಚಲನೆಗೆ ಇದೇ ಫಲ ಬರುತ್ತದೆ ಎಂಬುದಕ್ಕೆ ಇವನ್ನು ಆಧಾರವಾಗಿ ಕೊಡುವುದು ಸಲ್ಲದು.

6.3. ಫ್ಲಾರಿಡಾದಲ್ಲಿ ಪಾರ್ಕ್, ಮೆಕ್‌ಕ್ಯಾಫ್ರಿ ಮತ್ತಿತರರು ಸಂಧಿವಾತವಿದ್ದ 131 ಹಿರಿಯರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಕುರ್ಚಿ ಯೋಗವನ್ನು ಆರೋಗ್ಯ ಶಿಕ್ಷಣದೊಂದಿಗೆ ಹೋಲಿಸಿತು. ವಾರಕ್ಕೆರಡು ಸಲ 45 ನಿಮಿಷ, ಎಂಟು ವಾರ. ನೋವು ದಿನಚರಿಗೆ ಅಡ್ಡಬರುವುದು ಕಡಿಮೆಯಾಯಿತು, ಆ ಲಾಭ ಮೂರು ತಿಂಗಳವರೆಗೂ ಉಳಿಯಿತು. ನಡಿಗೆಯ ವೇಗ ಮತ್ತು ಆಯಾಸದಲ್ಲಿ ಕಂಡ ಸುಧಾರಣೆ ತರಗತಿಗಳು ನಿಂತ ಮೇಲೆ ಉಳಿಯಲಿಲ್ಲ. ಬಿಡದೆ ಮುಂದುವರಿಸಬೇಕಾದ ಅಭ್ಯಾಸವೆಂದು ಇದನ್ನು ಓದಬಹುದು.

6.4. ಒಟ್ಟು ಸಾಕ್ಷ್ಯದ ಬಗ್ಗೆ ಇಂಗ್ಲೆಂಡಿನ ಆಂಟನಿ ಮತ್ತಿತರರು 2013ರಲ್ಲಿ ವ್ಯವಸ್ಥಿತ ಸಮೀಕ್ಷೆ ಪ್ರಕಟಿಸಿದರು. ಪುನರಾವರ್ತನೆ ತೆಗೆದ ಮೇಲೆ ಉಳಿದ 122 ಉಲ್ಲೇಖಗಳಲ್ಲಿ 116 ಕೈಬಿಟ್ಟು 6 ಅಧ್ಯಯನಗಳನ್ನು ಮಾತ್ರ ವಿಶ್ಲೇಷಿಸಲಾಯಿತು. ದೃಢ ನಿರ್ಣಯಕ್ಕೆ ಆಧಾರ ಸಾಲದು ಎಂಬುದು ಅಲ್ಲಿನ ನಿಲುವು. 2014ರಲ್ಲಿ ರಾಬಿನ್‌ಸನ್ ಮತ್ತಿತರರು ತಜ್ಞರ ಒಮ್ಮತ ಸಂಗ್ರಹಿಸಿ, ಕುರ್ಚಿ ವ್ಯಾಯಾಮವನ್ನು ಮುನ್ನಡೆಯುವ ಸರಣಿಯ ಒಂದು ಹಂತವಾಗಿ ಕಾಣಬೇಕೆಂಬ ತತ್ತ್ವವನ್ನು ಮುಂದಿಟ್ಟರು. ನಿಲ್ಲಬಲ್ಲವರನ್ನು ಕುರ್ಚಿಯಲ್ಲೇ ಉಳಿಸಿಬಿಡಬಾರದು ಎಂಬುದು ಇದರ ಫಲಿತಾರ್ಥ. 2020ರ ನವೆಂಬರಿನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ ಮೂರು ಅಥವಾ ಹೆಚ್ಚು ದಿನ ಸಮತೋಲನ ಮತ್ತು ಬಲಕ್ಕೆ ಒತ್ತುಕೊಟ್ಟ ಚಟುವಟಿಕೆಯನ್ನು ಹೇಳುತ್ತದೆ. ಅಂಗವೈಕಲ್ಯವುಳ್ಳವರಿಗೆ ಪ್ರತ್ಯೇಕ ಶಿಫಾರಸು ಸೇರಿದ್ದು ಈ ಆವೃತ್ತಿಯಲ್ಲೇ ಮೊದಲು. ಸ್ವಲ್ಪವಾದರೂ ಚಟುವಟಿಕೆ ಏನೂ ಇಲ್ಲದ್ದಕ್ಕಿಂತ ಮೇಲು ಎಂಬುದು ಅದರ ಮೂಲ ನಿಲುವು.

7. ಕರ್ನಾಟಕದ ಅಧ್ಯಯನಗಳು

7.1. ಎಬ್ನೇಜರ್, ನಾಗರತ್ನ, ಬಾಲಿ ಮತ್ತು ನಾಗೇಂದ್ರ ಬೆಂಗಳೂರಿನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಮಂಡಿಸವೆತವಿದ್ದ 35–80 ವಯಸ್ಸಿನ 250 ಜನರ ಮೇಲೆ ಪ್ರಯೋಗ ನಡೆಸಿದರು. ಎರಡೂ ಗುಂಪಿಗೆ ವಿದ್ಯುತ್ ಪ್ರಚೋದನೆ ಮತ್ತು ಅಲ್ಟ್ರಾಸೌಂಡ್ ಚಿಕಿತ್ಸೆ ಇತ್ತು. ಅದರ ಮೇಲೆ ಒಂದು ಗುಂಪಿಗೆ ದಿನಕ್ಕೆ 40 ನಿಮಿಷ ಶಿಥಿಲೀಕರಣ ವ್ಯಾಯಾಮ, ಶಕ್ತಿವಿಕಾಸಕ ಕ್ರಿಯೆ, ಆಸನ, ಪ್ರಾಣಾಯಾಮ, ಧ್ಯಾನಗಳ ಜೋಡಣೆ. ಇನ್ನೊಂದಕ್ಕೆ ಫಿಸಿಯೋಥೆರಪಿ ವ್ಯಾಯಾಮ. ಎರಡು ವಾರ ಕೇಂದ್ರದಲ್ಲಿ, ನಂತರ ಮನೆಯಲ್ಲಿ ಅಭ್ಯಾಸ. ಮಾಪನ 15ನೇ ಮತ್ತು 90ನೇ ದಿನ. ಯೋಗದ ಗುಂಪಿನ ಫಲ ಉತ್ತಮವಾಗಿತ್ತು. ಇದೇ 250 ಜನರ ಫಲಿತಾಂಶ 2011–12ರಲ್ಲಿ ಹಲವು ಲೇಖನಗಳಾಗಿ ಬಂದಿದೆ. ಉಲ್ಲೇಖಿಸುವವರು ಅವನ್ನು ಒಂದೇ ಪ್ರಯೋಗವೆಂದು ಎಣಿಸಬೇಕು.

7.2. ನಿಮ್ಹಾನ್ಸ್‌ನ ಹರಿಪ್ರಸಾದ್ ಮತ್ತಿತರರು 2013ರಲ್ಲಿ ವೃದ್ಧಾಶ್ರಮವಾಸಿಗಳಲ್ಲಿ ಯೋಗದ ಪರಿಣಾಮವನ್ನು ವರದಿ ಮಾಡಿದರು. ನಿದ್ರೆ ಮತ್ತು ಜೀವನ ಗುಣಮಟ್ಟದ ಲೇಖನದಲ್ಲಿ ಒಂಬತ್ತು ಆಶ್ರಮಗಳ 120 ಜನ (ಯೋಗ 62, ಕಾಯುವ ಗುಂಪು 58) ಎಂದಿದೆ; ಅರಿವಿನ ಸಾಮರ್ಥ್ಯದ ಲೇಖನದಲ್ಲಿ 87 ಜನ (44 ಮತ್ತು 43). ಎರಡು ಸಂಖ್ಯೆಗಳನ್ನು ಕೂಡಿಸಿ 207 ಎಂದು ಬರೆಯುವುದು ಎರಡು ಸಲ ಎಣಿಸಿದಂತೆ ಆಗುವ ಸಂಭವ ಹೆಚ್ಚು. ಅಭ್ಯಾಸ ಮೊದಲ ತಿಂಗಳು ಪ್ರತಿದಿನ, ಮೂರನೇ ತಿಂಗಳವರೆಗೆ ವಾರಕ್ಕೊಮ್ಮೆ, ಆರನೇ ತಿಂಗಳವರೆಗೆ ಸ್ವಂತವಾಗಿ ನಡೆಯಿತು.

7.3. ಈ ಎರಡು ಅಧ್ಯಯನಗಳು ಕನ್ನಡ ನಾಡಿನ ದೇಹಗಳ ಮೇಲೆ, ಇಲ್ಲಿನ ಶಿಕ್ಷಕರಿಂದ ನಡೆದವು. ಆ ಕಾರಣಕ್ಕೆ ಇವುಗಳ ತೂಕ ಹೆಚ್ಚು. ಆದರೆ ಇವುಗಳ ವಿಷಯ ಯೋಗದ ಸಮಗ್ರ ಜೋಡಣೆಯೇ ಹೊರತು ಕುರ್ಚಿಯಲ್ಲ. ಫ್ಲಾರಿಡಾದ ಕುರ್ಚಿ ಫಲಿತಾಂಶವನ್ನೂ ಬೆಂಗಳೂರಿನ ಫಲಿತಾಂಶವನ್ನೂ ಒಂದೇ ವಾಕ್ಯದಲ್ಲಿ ‘ಕುಳಿತು ಮಾಡುವ ಯೋಗದಿಂದ ಲಾಭ’ ಎಂದು ಸೇರಿಸಿದರೆ ತಾಣದ ವ್ಯತ್ಯಾಸ ಅಳಿಸಿಹೋಗುತ್ತದೆ.

8. ಎಚ್ಚರಿಕೆಯ ಅಂಶಗಳು

8.1. ಮುಂದೆ ಬಾಗುವುದು. ಸಿನಾಕಿ ಮತ್ತು ಮಿಕೆಲ್‌ಸೆನ್ 1984ರಲ್ಲಿ ಮೂಳೆ ಟೊಳ್ಳಾದ 59 ಮಹಿಳೆಯರ ಬೆನ್ನುಮೂಳೆಯ ಹೊಸ ಮುರಿತಗಳನ್ನು ವರದಿ ಮಾಡಿದರು. ಬೆನ್ನು ಹಿಂದಕ್ಕೆ ನೀಳವಾಗಿಸುವ ವ್ಯಾಯಾಮ ಮಾಡಿದ 25 ಜನರಲ್ಲಿ ಶೇ. 16, ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದ 9 ಜನರಲ್ಲಿ ಶೇ. 89, ಎರಡನ್ನೂ ಮಾಡಿದ 19 ಜನರಲ್ಲಿ ಶೇ. 53, ಏನೂ ಮಾಡದ 6 ಜನರಲ್ಲಿ ಶೇ. 67. ಗುಂಪುಗಳು ಚಿಕ್ಕವು ಮತ್ತು ಅಸಮ; ಶೇಕಡಾವಾರುಗಳನ್ನು ಅಕ್ಷರಶಃ ಹಿಡಿಯಬಾರದು. ದಿಕ್ಕು ಮಾತ್ರ ಸ್ಪಷ್ಟ. ಕುರ್ಚಿಯಲ್ಲಿ ಕುಳಿತು ಬೆನ್ನನ್ನು ಕಮಾನಿನಂತೆ ಬಗ್ಗಿಸಿ ಪಾದ ಮುಟ್ಟುವ ಭಂಗಿಯನ್ನು ಮೂಳೆ ಟೊಳ್ಳಾದವರಿಗೆ ಹೇಳಿಕೊಡದಿರುವುದು ಕ್ಷೇಮ. 5.2ರಲ್ಲಿ ಹೇಳಿದ ಏಳುವ ಬಾಗು ಸೊಂಟದ ಕೀಲಿನಿಂದ ಆಗುವಂಥದು, ಅಲ್ಲಿ ಬೆನ್ನು ನೇರವಾಗಿರುತ್ತದೆ. ಇವೆರಡನ್ನು ಕಲಿಸುವವರು ಬೇರೆಬೇರೆಯಾಗಿ ತೋರಿಸಬೇಕು.

8.2. ಫ್ಲೋರೋಸಿಸ್. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದ ಜಿಲ್ಲೆಗಳ ಪಟ್ಟಿಯಲ್ಲಿ ಬಳ್ಳಾರಿಯೂ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಅಪೇಕ್ಷಣೀಯ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲವಿಲ್ಲದಾಗ 1.5. ಮೂಳೆಯ ಫ್ಲೋರೋಸಿಸ್ ಕುರಿತು ಶಾರ್ಟ್ ಮತ್ತಿತರರ 1937ರ ವರದಿ ಮದ್ರಾಸ್ ಪ್ರಾಂತ್ಯದ್ದು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಅದೇ ಆಡಳಿತದಲ್ಲಿತ್ತು, ಆದರೆ ವರದಿಯ ಕ್ಷೇತ್ರ ನೆಲ್ಲೂರಿನ ಕಡೆಯದು. ಈ ಸ್ಥಿತಿಯಲ್ಲಿ ಬೆನ್ನು ಬಿಗಿಯಾಗುವುದು ಅಸ್ಥಿರಜ್ಜುಗಳಲ್ಲಿ ಸುಣ್ಣದಂಶ ಸೇರಿ, ಮೂಳೆ ಬೆಳೆದು. ಅದು ಅಭ್ಯಾಸ ಸಾಲದೆ ಬಂದ ಬಿಗಿತವಲ್ಲ. ಆದ್ದರಿಂದ ಒತ್ತಿ ಬಗ್ಗಿಸುವ, ತಿರುಚುವ ಚಲನೆಗಳ ಬದಲು ಇರುವ ವ್ಯಾಪ್ತಿಯೊಳಗೇ ಬಲ ಉಳಿಸಿಕೊಳ್ಳುವ ಗುರಿ ಸಮಂಜಸವೆನಿಸುತ್ತದೆ. ಕಾರಣ ಗುರುತಿಸುವುದು ವೈದ್ಯರ ಕೆಲಸ.

8.3. ಸಾಮಾನ್ಯ ಸೂಚನೆಗಳು. ಬಲ ಹಾಕುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ಎಣಿಕೆಯನ್ನು ಬಾಯಿಬಿಟ್ಟು ಹೇಳುವುದು ಸರಳ ತಡೆ. ಎದೆನೋವು, ತಲೆಸುತ್ತು, ಹೊಸದಾಗಿ ಕಾಣಿಸಿದ ಜೋಮು ಇದ್ದರೆ ನಿಲ್ಲಿಸಬೇಕು. ಬಳ್ಳಾರಿಯ ಏಪ್ರಿಲ್–ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಅಭ್ಯಾಸ ಬೇಡ, ಬೆಳಗಿನ ಹೊತ್ತೇ ತಕ್ಕದ್ದು.

9. ಅನ್ವಯ: ಒಂದು ಕನಿಷ್ಠ ಕ್ರಮ

9.1. ಮೇಲಿನ ಆಧಾರಗಳ ಮಿತಿಯೊಳಗೆ ಕೆಳಗಿನ ಕ್ರಮವನ್ನು ತಾತ್ಕಾಲಿಕವಾಗಿ ಸೂಚಿಸಬಹುದು. ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು, ಪಾದ ಪೂರ್ತಿ ನೆಲ ಮುಟ್ಟಬೇಕು. (ಕ) ಹಿಮ್ಮಡಿ ಊರಿ ಬೆರಳು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು. (ಖ) ಒಂದೊಂದೇ ಮಂಡಿಯನ್ನು ನೇರ ಮಾಡಿ ಕ್ಷಣಕಾಲ ಹಿಡಿದು ಇಳಿಸುವುದು. (ಗ) ಕುಳಿತಲ್ಲೇ ಹೆಜ್ಜೆ ಹಾಕಿದಂತೆ ತೊಡೆ ಎತ್ತುವುದು. (ಘ) ಭುಜಗಳನ್ನು ಹಿಂದಕ್ಕೆ ತಂದು ಬೆನ್ನು ನೀಳವಾಗಿಸುವುದು. (ಙ) ಎತ್ತರಿಸಿದ ಪೀಠದಿಂದ ಎದ್ದು ನಿಧಾನವಾಗಿ ಕೂರುವುದು. ಮಾತಾಡಲು ಸಾಧ್ಯವಾಗುವಷ್ಟೇ ಶ್ರಮ. ಎಂಟು ಸಲ ನಿರಾಯಾಸವಾದ ಮೇಲಷ್ಟೇ ಎತ್ತರ ತಗ್ಗಿಸುವುದು ಅಥವಾ ಸಲ ಹೆಚ್ಚಿಸುವುದು. ಗಾಲಿಕುರ್ಚಿ ಬಳಸುವವರಿಗೆ (ಙ) ಅನ್ವಯಿಸದಿರಬಹುದು. ಇತರ ಚಲನೆಗಳಿಗೂ ಚಕ್ರದ ಬ್ರೇಕು ಹಾಕಿರಬೇಕು.

9.2. ದಾಖಲೆಗೆ ಆರು ಅಂಶ ಸಾಕು: ಕೂರುವ ತಾಣದ ಬಗೆ, ನೆಲದಿಂದ ಪೀಠದ ಅಂಚಿನವರೆಗಿನ ಎತ್ತರ (ವ್ಯಕ್ತಿ ಕುಳಿತ ಮೇಲೆ ಅಳೆದದ್ದು, ಸೆಂ.ಮೀ.ನಲ್ಲಿ), ನೆಲದಿಂದ ಮಂಡಿಯ ಎತ್ತರ, ಕೈ ಊರಿದರೋ ಇಲ್ಲವೋ, ಎಷ್ಟು ಸಲ, ನೋವು ಬಂದ ಜಾಗ. ಕುಳಿತ ಮೇಲೆ ಅಳೆಯಲು ಕಾರಣ, ಪ್ಲಾಸ್ಟಿಕ್ ಪೀಠವೂ ಹಾಸಿಗೆಯ ಅಂಚೂ ಭಾರಕ್ಕೆ ತಗ್ಗುತ್ತವೆ. ದರ್ಜಿಯ ಟೇಪೊಂದು ಇದ್ದರೆ ಈ ಅಳತೆ ಆಗುತ್ತದೆ.

10. ತಾತ್ಕಾಲಿಕ ನಿಲುವು

ಕುಳಿತು ಮಾಡುವ ವ್ಯಾಯಾಮದಿಂದ ಚಲನೆಯ ಮಿತಿ ಉಳ್ಳವರಿಗೆ ಪ್ರಯೋಜನವಿದೆ ಎಂಬುದಕ್ಕೆ ಆಧಾರಗಳಿವೆ, ಆದರೆ ಅವು ಸಮಬಲದವಲ್ಲ. ಬಲದ ಲಾಭಕ್ಕೆ ಅತ್ಯಂತ ಗಟ್ಟಿ ಆಧಾರ ಭಾರವಾದ ಅಭ್ಯಾಸದಿಂದ ಬಂದದ್ದು. ನೋವಿನ ಉಪಶಮನಕ್ಕೆ ಕುರ್ಚಿ ಯೋಗದ ಆಧಾರ ಸಾಧಾರಣ ಮಟ್ಟದ್ದು. ಕರ್ನಾಟಕದ ಆಧಾರ ಉತ್ತೇಜಕ, ಆದರೆ ಕುರ್ಚಿಯ ಪ್ರಶ್ನೆಯನ್ನು ಅದು ಎತ್ತಿಕೊಂಡಿಲ್ಲ. ಇವನ್ನು ಕೂಡಿಸುವ ಮೊದಲು ಕೂರುವ ಎತ್ತರವನ್ನು ಬರೆದಿಡುವ ಶಿಸ್ತು ಬರಬೇಕು. ಬ್ರೂಸ್‌ಪೇಟೆಯ ಒಂದು ಮನೆಯಲ್ಲಿ ಮಂಚದಿಂದ ಏಳಬಲ್ಲ, ಕುರ್ಚಿಯಿಂದ ಕೈಯೂರಿ ಏಳುವ, ನೆಲದಿಂದ ಏಳಲಾಗದ ಹಿರಿಯರೊಬ್ಬರಿದ್ದರೆ, ಅವರ ಸಾಮರ್ಥ್ಯವನ್ನು ಒಂದೇ ಅಂಕ ಹೇಳಲಾರದು. ಮೂರು ಎತ್ತರಗಳ ಮೂರು ಅಂಕಗಳು ಹೇಳಬಲ್ಲವು, ಮತ್ತು ಮುಂದಿನ ತಿಂಗಳು ಯಾವ ಎತ್ತರದಲ್ಲಿ ಅಭ್ಯಾಸ ಮಾಡಿಸಬೇಕು ಎಂಬುದನ್ನೂ ಅವೇ ತಿಳಿಸುತ್ತವೆ.